ಸೂಚಿಯಲ್ಲಿ ಹೆಸರಿಲ್ಲ, ಏನು ಮಾಡಲಿ?

ಪ್ರಶ್ನೆ: 1902ರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಗ್ರಹದ ಹಾಸನ ಸಂಪುಟದ ಸೂಚಿಯಲ್ಲಿ ನಮ್ಮ ಗೌಡಿಕೆ ಮನೆತನದ ಹಿರಿಯರ ಹೆಸರೇ ಇಲ್ಲ. ಅಜ್ಜ ಹೇಳಿದ್ದೆಲ್ಲ ಸುಳ್ಳಾ?
– ಓದುಗರು, ಸಕಲೇಶಪುರ

ಉತ್ತರ: ಸೂಚಿ ನೋಡಿ ಅಜ್ಜನನ್ನು ಸುಳ್ಳುಗಾರ ಮಾಡಬೇಡಿ ಮಾರಾಯರೇ! ಆಗ ನಿಮ್ಮ ತಾಲ್ಲೂಕು ಮಂಜರಾಬಾದ್. ಆ ಹೆಸರಿನಡಿ ಹುಡುಕಿದಿರಾ? ಬಿ.ಎಲ್. ರೈಸ್ ಸಂಪಾದಿಸಿದ ಆ ಸಂಪುಟದಲ್ಲಿರುವುದು ಅಂದಿಗೆ ಸಿಕ್ಕಿದ್ದ ಶಾಸನಗಳು ಮಾತ್ರ. ಆಮೇಲೆ ಸಿಕ್ಕಿದವೂ ಇವೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟ ನೋಡಿ.

ಹೆಸರು ಸಿಕ್ಕರೂ ಸುಮ್ನೆ ಕುಣಿಯಬೇಡಿ. ಮಾಚಗೌಡ, ಬೊಮ್ಮಗೌಡ ಊರಿಗೊಬ್ಬರು! ಶಾಸನದ ಪೂರ್ತಿ ಪಾಠ ಓದಿ. ಅಪ್ಪನ ಹೆಸರು, ಊರು, ಶಕವರ್ಷ ತಾಳೆ ನೋಡಿ. ಕಲ್ಲು ಹೊಯ್ಸಳರ ಕಾಲದ್ದಾದರೆ ಅಲ್ಲಿಂದ ನಿಮ್ಮ ಮುತ್ತಜ್ಜನವರೆಗೆ ಕೊಂಡಿ ಬೇಕಲ್ವಾ? ಅದಕ್ಕೆ ಹಳೇ ಕಂದಾಯದ ಕಾಗದ ಹುಡುಕಿ. ಹೆಳವರು ಮನೆಗೆ ಬಂದರೆ ಕೂರಿಸಿ, ವಂಶಾವಳಿ ಪೂರ್ತಿ ಹೇಳಿಸಿ ಬರೆದುಕೊಳ್ಳಿ.