ಏಳನೇ ಪ್ಯಾರಾದಿಂದ ಶುರು ಮಾಡಿ

ನಮಸ್ಕಾರ,

'ತೈಲೋದ್ಯಮದಲ್ಲಿ ಪ್ರಾಸೆಸ್ ಸಿಮ್ಯುಲೇಶನ್‌ನ ಮಹತ್ವ' ಎಂಬ, ಬಾವಿ, ಪೈಪುಗಳಲ್ಲಿ ನಡೆಯುವುದನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ತೋರಿಸುವ ಸಾಫ್ಟ್‌ವೇರ್ (ಸಿಮ್ಯುಲೇಟರ್) ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನೆ ಕೂರಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ಏಳನೇ ಪ್ಯಾರಾ.

ಮೊದಲ ಆರು ಪ್ಯಾರಾಗಳಲ್ಲಿ 'ಅತ್ಯಾಧುನಿಕ', 'ದಕ್ಷತೆ', 'ಸಮಗ್ರ ಪರಿಹಾರ' ಇವೇ ಸುತ್ತಿ ಸುತ್ತಿ ಬರುತ್ತವೆ. ಸಾಫ್ಟ್‌ವೇರ್ ಮಾರುವವರ ಕರಪತ್ರ ಓದಿದ ಹಾಗಾಯಿತು. ಒಂದು ಬಾವಿ ಇಲ್ಲ, ಒಂದು ಪೈಪ್ ಇಲ್ಲ. ಏಳನೆಯದರಲ್ಲಿ ಗ್ಯಾಸ್ ಲಿಫ್ಟ್, ಅಂದರೆ ಬಾವಿಯೊಳಗೆ ಗ್ಯಾಸ್ ಬಿಟ್ಟು ಎಣ್ಣೆಯನ್ನು ಮೇಲೆತ್ತುವ ವಿಧಾನ ಬರುತ್ತದೆ, ಅದೂ ನಾಲ್ಕೇ ಸಾಲು. ನಿಮ್ಮ ಲೇಖನ ಇರುವುದು ಅಲ್ಲಿ.

ಆದರೆ ಅಲ್ಲೇ ಒಂದು ತಪ್ಪೂ ಇದೆ. 'ಗ್ಯಾಸ್ ಹೆಚ್ಚು ಬಿಟ್ಟಷ್ಟೂ ಎಣ್ಣೆ ಹೆಚ್ಚು ಬರುತ್ತದೆ' ಎಂದಿದ್ದೀರಿ. ಪೈಪಿನಲ್ಲಿರುವ ಎಣ್ಣೆಗೆ ಗ್ಯಾಸ್ ಬೆರೆತಾಗ ಅದು ಹಗುರಾಗುತ್ತದೆ. ಬಾವಿಯ ತಳದ ಒತ್ತಡ ಇಳಿಯುತ್ತದೆ. ಬಂಡೆಯೊಳಗಿನ ಎಣ್ಣೆ ಜಾಸ್ತಿ ನುಗ್ಗುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಆ ಗ್ಯಾಸೂ ಅದೇ ಪೈಪಿನಲ್ಲಿ ಮೇಲೆ ಬರಬೇಕಲ್ಲ! ಮಿತಿ ಮೀರಿದರೆ ಪೈಪಿನೊಳಗಿನ ಘರ್ಷಣೆ ಏರಿ, ಹಗುರಾಗಿದ್ದರಿಂದ ಸಿಕ್ಕ ಲಾಭವನ್ನು ತಿಂದುಹಾಕುತ್ತದೆ. ಬಿಟ್ಟ ಗ್ಯಾಸಿಗೆ ಸಿಕ್ಕ ಎಣ್ಣೆಯ ಗ್ರಾಫ್ ಏರುತ್ತದೆ, ಚಪ್ಪಟೆಯಾಗುತ್ತದೆ, ಆಮೇಲೆ ಇಳಿಯುತ್ತದೆ.

ಹತ್ತು ಬಾವಿಗಳಿದ್ದು, ಕಂಪ್ರೆಸರ್ ಕೊಡುವ ಗ್ಯಾಸ್ ಎಲ್ಲಕ್ಕೂ ಸಾಲದಿದ್ದರೆ? ಸಮನಾಗಿ ಹಂಚಿದರೆ ನಷ್ಟ. ಇನ್ನೊಂದಿಷ್ಟು ಗ್ಯಾಸನ್ನು ಯಾವ ಬಾವಿಗೆ ಬಿಟ್ಟರೆ ಹೆಚ್ಚು ಎಣ್ಣೆ ಸಿಗುತ್ತದೋ ಅದಕ್ಕೇ ಬಿಡಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಎಲ್ಲ ಬಾವಿಗಳೂ ಬಂದು ಸೇರುವ ಪೈಪ್ ಒಂದೇ ಆಗಿದ್ದರೆ, ಒಂದು ಬಾವಿ ಜೋರಾಗಿ ಹರಿದಾಗ ಅಲ್ಲಿ ಒತ್ತಡ ಏರಿ ಪಕ್ಕದ ಬಾವಿ ಸೊರಗುತ್ತದೆ. ಒಂದನ್ನು ತಿದ್ದಿದರೆ ಒಂಬತ್ತರ ಲೆಕ್ಕ ಬದಲಾಗುತ್ತದೆ. ಸಿಮ್ಯುಲೇಟರ್ ಯಾಕೆ ಬೇಕು ಅನ್ನುವುದು ಇಲ್ಲಿ ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ, ಅಲ್ವಾ? ನಿಮ್ಮ ಆರು ಪ್ಯಾರಾಗಳಿಂದ ಆಗದ ಕೆಲಸ ಇದು.

ಹೈಡ್ರೇಟ್ (ನೀರು ಮತ್ತು ಗ್ಯಾಸ್ ಸೇರಿ ಆಗುವ ಗಟ್ಟಿ ಹರಳು) ಬಗ್ಗೆ ಬರೆದ ಸಾಲನ್ನೂ ತಿದ್ದಿ. 'ಉಷ್ಣಾಂಶ 0 ಡಿಗ್ರಿಗಿಂತ ಇಳಿದರೆ ಮಾತ್ರ ಪೈಪ್ ಕಟ್ಟಿಕೊಳ್ಳುತ್ತದೆ' ಎಂಬುದು ಸರಿಯಲ್ಲ. ಒತ್ತಡ 70 ಬಾರ್ ದಾಟಿದ್ದರೆ ನೀರು ಮತ್ತು ಮೀಥೇನ್ ಸೇರಿ 10 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಮಂಜುಗಡ್ಡೆಯ ಹಾಗೆ ಗಟ್ಟಿಯಾಗಬಲ್ಲವು.

ನನಗೆ ಹೆಚ್ಚು ಕಿರಿಕಿರಿ ಮಾಡಿದ್ದು ಮಾತ್ರ 'ಸಿಮ್ಯುಲೇಟರ್ ನಿಖರ ಉತ್ತರ ಕೊಡುತ್ತದೆ' ಎಂಬ ಮಾತು. ನಾವು ಆರಿಸಿಕೊಟ್ಟ ಸಮೀಕರಣ ಏನು ಹೇಳುತ್ತದೋ ಅದನ್ನೇ ಅದು ಹೇಳುತ್ತದೆ. ಒತ್ತಡ, ಉಷ್ಣಾಂಶ, ಗಾತ್ರಗಳ ನಂಟು ಹೇಳುವ 1976ರ ಪೆಂಗ್–ರಾಬಿನ್ಸನ್ ಸಮೀಕರಣ ನೈಸರ್ಗಿಕ ಅನಿಲ, ಕಚ್ಚಾ ತೈಲಗಳಿಗೆ ಚೆನ್ನಾಗಿ ಒಗ್ಗುತ್ತದೆ. ಗ್ಯಾಸಿನ ತೇವ ತೆಗೆಯುವ ಗ್ಲೈಕಾಲ್ ಘಟಕಕ್ಕೆ ಅದನ್ನೇ ಇದ್ದ ಹಾಗೆ ಹಚ್ಚಿದರೆ ಎಡವುತ್ತದೆ. ಸ್ಕ್ರೀನ್ ಮೇಲೆ ಮಾತ್ರ ಲೆಕ್ಕ ಕೂಡಿಬಂತು ಎಂದೇ ತೋರಿಸುತ್ತದೆ! ಈ ಅಪಾಯದ ಬಗ್ಗೆ ಒಂದು ಪ್ಯಾರಾ ಬರೆಯಿರಿ.

ಭಾಷೆಯ ಬಗ್ಗೆ ಒಂದೇ ಮಾತು: 'ಉಷ್ಣಗತಿಕ ಸಮತೋಲನ ಸ್ಥಿತಿ' ಎಂದು ಬರೆಯುವ ಮೊದಲು, ಬಾವಿಯಿಂದ ಬಂದದ್ದನ್ನು ಬೇರ್ಪಡಿಸುವ ಸೆಪರೇಟರ್ ಒಳಗೆ ಗ್ಯಾಸ್ ಮೇಲೆ, ಎಣ್ಣೆ ನಡುವೆ, ನೀರು ಅಡಿಯಲ್ಲಿ ನಿಲ್ಲುವುದನ್ನು ತೋರಿಸಿ.

ಲೇಖನ ಸಾವಿರ ಪದ ದಾಟದಿರಲಿ. ಜೊತೆಗೆ ಕಳಿಸಿದ ಐದು ಸ್ಕ್ರೀನ್‌ಶಾಟ್‌ಗಳು ಬೇಡ. ಗ್ಯಾಸ್ ಲಿಫ್ಟ್ ಗ್ರಾಫ್ ಒಂದನ್ನು ಕೈಯಲ್ಲೇ ಬರೆದು ಕಳಿಸಿ, ನಮ್ಮ ಚಿತ್ರಕಾರರು ನೋಡಿಕೊಳ್ಳುತ್ತಾರೆ.

ಇಂತಿ,
ಸಂಪಾದಕ