ಎಡಿಟರ್ ಹ್ಯಾಂಗ್ ಆಯಿತೆಂದು ಫೋಲ್ಡರ್ ಅಳಿಸಬೇಡಿ

ಪ್ರಶ್ನೆ: ಪ್ರೋಗ್ರಾಮ್ ಬರೆಯಲು ಬಳಸುವ ವಿಎಸ್ ಕೋಡ್ ಎಡಿಟರ್‌ಗೆ ಮೊನ್ನೆ ನಾಲ್ಕು ಹೊಸ ಎಕ್ಸ್‌ಟೆನ್ಷನ್ (ಹೆಚ್ಚುವರಿ ಸೌಲಭ್ಯ ಕೊಡುವ ಸಣ್ಣ ಪ್ರೋಗ್ರಾಮ್) ಹಾಕಿದೆ. ಅವತ್ತಿನಿಂದ ತೆರೆದ ಅರ್ಧ ನಿಮಿಷಕ್ಕೆ ಹ್ಯಾಂಗ್ ಆಗುತ್ತಿದೆ. ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ, ಸರಿಹೋಗಲಿಲ್ಲ. ವಿಂಡೋಸ್‌ನಲ್ಲಿ ಆಪ್‌ಗಳ ಮಾಹಿತಿ ಇರುವ ಆಪ್‌ಡೇಟಾದಲ್ಲಿನ ‘ಕೋಡ್’ ಫೋಲ್ಡರನ್ನೇ ಅಳಿಸಿ ಎಂದು ಒಂದು ವಿಡಿಯೊದಲ್ಲಿ ಹೇಳಿದ್ದಾರೆ. ಅಳಿಸಲಾ?

ಉತ್ತರ: ಬೇಡ, ದಯವಿಟ್ಟು ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಈ ಸಲಹೆ ಹಂಚುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆ ಫೋಲ್ಡರಿನೊಳಗೆ ‘ಬ್ಯಾಕಪ್ಸ್’ ಅಂತ ಇನ್ನೊಂದು ಫೋಲ್ಡರ್ ಇರುತ್ತದೆ. ಸೇವ್ ಮಾಡದೆ ಬಿಟ್ಟ ಬದಲಾವಣೆಗಳು, ‘ಅನ್‌ಟೈಟಲ್ಡ್-1’ ಎಂಬ ಹೆಸರಲ್ಲೇ ವಾರಗಟ್ಟಲೆ ತೆರೆದಿಟ್ಟ ಟಿಪ್ಪಣಿ, ಎಲ್ಲ ಇರುವುದು ಅಲ್ಲೇ. ‘ಯೂಸರ್’ ಒಳಗಿನ ‘ಹಿಸ್ಟರಿ’ಯಲ್ಲಿ ನಿಮ್ಮ ಫೈಲುಗಳ ಹಳೆಯ ಪ್ರತಿಗಳೂ ಇರುತ್ತವೆ. ನಾನೂ ಒಮ್ಮೆ ಅವಸರದಲ್ಲಿ ಅಳಿಸಿ ಎರಡು ದಿನದ ಕೆಲಸ ಕಳೆದುಕೊಂಡೆ. ಅದು ವಾಪಸ್ ಬರಲೇ ಇಲ್ಲ.

ಇಷ್ಟಕ್ಕೂ ಎಕ್ಸ್‌ಟೆನ್ಷನ್‌ಗಳು ಇರುವ ಜಾಗವೇ ಬೇರೆ. ಅವು ನಿಮ್ಮ ಹೋಮ್ ಫೋಲ್ಡರಿನಲ್ಲಿ, ಚುಕ್ಕಿಯಿಂದ ಶುರುವಾಗುವ ‘ವಿಎಸ್‌ಕೋಡ್’ ಫೋಲ್ಡರಿನಲ್ಲಿ ಇರುತ್ತವೆ. ಎಡಿಟರ್ ತೆಗೆದರೂ ಅವು ಹಾಗೇ ಉಳಿಯುತ್ತವೆ. ಎರಡು ಸಲ ಏನು, ಇಪ್ಪತ್ತು ಸಲ ಹಾಕಿದರೂ ಅದೇ ಎಕ್ಸ್‌ಟೆನ್ಷನ್ ಮತ್ತೆ ಬಂದು ಕೂರುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಆ ‘ಕೋಡ್’ ಫೋಲ್ಡರನ್ನು ಪೂರ್ತಿ ಬೇರೆ ಕಡೆ ಕಾಪಿ ಮಾಡಿಡಿ. ನಂತರ ಎಡಿಟರ್ ತೆರೆದು, ಹ್ಯಾಂಗ್ ಆದಾಗ ಒಂದು ಅಕ್ಷರ ಒತ್ತಿ ನೋಡಿ. ಅಕ್ಷರ ಮೂಡುತ್ತದೆ, ಕರ್ಸರ್ ಮಿನುಗುತ್ತದೆ, ಆದರೆ ಸಲಹೆಗಳ ಪಟ್ಟಿ ಬರುವುದಿಲ್ಲ, ಸೇವ್ ಒತ್ತಿದರೆ ಕಾಯುತ್ತಲೇ ಇರುತ್ತದೆ ಎಂದಾದರೆ ತೊಂದರೆ ಎಕ್ಸ್‌ಟೆನ್ಷನ್‌ನದ್ದೇ. ಅವೆಲ್ಲ ‘ಎಕ್ಸ್‌ಟೆನ್ಷನ್ ಹೋಸ್ಟ್’ ಎಂಬ ಬೇರೆಯೇ ಪ್ರೊಸೆಸ್‌ನಲ್ಲಿ, ಅಂದರೆ ಎಡಿಟರ್ ಕಿಟಕಿಯಿಂದ ಪ್ರತ್ಯೇಕವಾಗಿ, ಓಡುತ್ತವೆ. ಒಂದು ಸಿಕ್ಕಿಹಾಕಿಕೊಂಡರೆ ಉಳಿದವೂ ಅದರ ಹಿಂದೆ ಸಾಲುಗಟ್ಟಿ ನಿಲ್ಲುತ್ತವೆ. ಅಕ್ಷರವೇ ಮೂಡದಿದ್ದರೆ ಗ್ರಾಫಿಕ್ಸ್ ಮೇಲೂ ಅನುಮಾನ ಇರಲಿ. ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ‘ಡಿಸೇಬಲ್-ಜಿಪಿಯು’ ಆಯ್ಕೆ ಕೊಟ್ಟು (code --disable-gpu) ಒಮ್ಮೆ ತೆರೆದು ನೋಡಿ.

ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ಎಡಿಟರಿನ ಪ್ರೊಸೆಸ್‌ಗಳು ಉಳಿದಿದ್ದರೆ ಅವನ್ನು ಮುಗಿಸಿ, ಟರ್ಮಿನಲ್‌ನಿಂದ ‘ಡಿಸೇಬಲ್-ಎಕ್ಸ್‌ಟೆನ್ಷನ್ಸ್’ ಆಯ್ಕೆಯೊಂದಿಗೆ ಎಡಿಟರ್ ತೆರೆಯಿರಿ. ಇದರಿಂದ ಏನೂ ಅಳಿಯುವುದಿಲ್ಲ, ಆ ಒಂದು ಸಲಕ್ಕೆ ಮಾತ್ರ ಎಕ್ಸ್‌ಟೆನ್ಷನ್‌ಗಳು ಸುಮ್ಮನಿರುತ್ತವೆ. ಆಗಲೂ ಹ್ಯಾಂಗ್ ಆದರೆ ಅವುಗಳ ತಪ್ಪಿಲ್ಲ. ನೀವು ತೆರೆಯುತ್ತಿರುವ ಫೋಲ್ಡರ್ ತೀರಾ ದೊಡ್ಡದೇ ನೋಡಿ. ಇಡೀ ಡ್ರೈವನ್ನೇ ತೆರೆದು ಕೂತವರನ್ನೂ ನೋಡಿದ್ದೇನೆ.

ಸರಿಯಾಗಿ ಓಡಿದರೆ, ಕಳ್ಳ ಯಾರು ಎಂದು ಹುಡುಕುವುದು ಸುಲಭ. ಮತ್ತೆ ಮಾಮೂಲಿಯಾಗಿ ತೆರೆದು, ಕಂಟ್ರೋಲ್-ಶಿಫ್ಟ್-ಪಿ ಒತ್ತಿ, ‘ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್’ ಆರಿಸಿ. ಅದು ಮೊದಲು ಎಲ್ಲವನ್ನೂ, ಆಮೇಲೆ ಅರ್ಧದಷ್ಟನ್ನು ಆಫ್ ಮಾಡಿ, ತೊಂದರೆ ಈಗಲೂ ಇದೆಯೇ ಎಂದು ಕೇಳುತ್ತದೆ. ನಿಮ್ಮ ಉತ್ತರ ನೋಡಿ ಉಳಿದದ್ದರಲ್ಲಿ ಮತ್ತೆ ಅರ್ಧ. 40 ಎಕ್ಸ್‌ಟೆನ್ಷನ್ ಇದ್ದರೂ ಆರೇಳು ಸುತ್ತಿನಲ್ಲಿ ಹೆಸರು ಸಿಗುತ್ತದೆ. ಪ್ರತಿ ಸುತ್ತಿನಲ್ಲೂ ಅರ್ಧ ನಿಮಿಷ ಪೂರ್ತಿ ಕಾಯಿರಿ. ಹತ್ತೇ ಸೆಕೆಂಡಿಗೆ ‘ಸರಿಯಾಯ್ತು’ ಎಂದು ಒತ್ತಿದರೆ ನಿರಪರಾಧಿಯ ಹೆಸರು ಬರುತ್ತದೆ. ಬೈಸೆಕ್ಟ್ ಶುರುಮಾಡುವಷ್ಟೂ ಹೊತ್ತು ಸಿಗದಿದ್ದರೆ, ‘ಲಿಸ್ಟ್-ಎಕ್ಸ್‌ಟೆನ್ಷನ್ಸ್’ ಆಯ್ಕೆಯಿಂದ ಟರ್ಮಿನಲ್‌ನಲ್ಲೇ ಪಟ್ಟಿ ಪಡೆದು, ಆ ನಾಲ್ಕನ್ನು ಒಂದೊಂದಾಗಿ ಆಫ್ ಮಾಡಿ ತೆರೆಯಿರಿ.

ಪ್ರಶ್ನೆ: ರ‍್ಯಾಮ್ ಜಾಸ್ತಿ ಮಾಡಿಸಿದರೆ ಹ್ಯಾಂಗ್ ನಿಲ್ಲುತ್ತದಾ?

ಉತ್ತರ: ಇಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾ ಸಿಕ್ಕಿಬಿದ್ದ ಎಕ್ಸ್‌ಟೆನ್ಷನ್‌ನ ಕೊನೆಯಿಲ್ಲದ ಲೂಪ್‌ಗೆ ಎಷ್ಟು ರ‍್ಯಾಮ್ ಕೊಟ್ಟರೂ ಅದು ಮುಗಿಯುವುದಿಲ್ಲ.

ಪ್ರಶ್ನೆ: ಎಡಿಟರನ್ನು ಫಾಸ್ಟ್ ಮಾಡುತ್ತೇನೆ ಎನ್ನುವ ಒಂದು ‘ಬೂಸ್ಟರ್’ ಎಕ್ಸ್‌ಟೆನ್ಷನ್ ಇದೆ. ಹಾಕಬಹುದಾ?

ಉತ್ತರ: ಹಾಕಬೇಡಿ. ಎಡಿಟರ್ ಮುಟ್ಟಬಹುದಾದ ಫೈಲುಗಳನ್ನೆಲ್ಲ ಎಕ್ಸ್‌ಟೆನ್ಷನ್ ಕೂಡ ಮುಟ್ಟಬಹುದು. ಯಾರು ಬರೆದದ್ದೆಂದೇ ತಿಳಿಯದೆ ಮನೆಯ ಕೀಲಿ ಕೊಡುತ್ತೀರಾ?

ಪ್ರಶ್ನೆ: ನಾನು ವಿಮ್ ಎಂಬ ಬೇರೆ ಎಡಿಟರ್ ಬಳಸುತ್ತೇನೆ. ತೆರೆಯಲು ತುಂಬಾ ಹೊತ್ತು ಹಿಡಿಯುತ್ತದೆ.

ಉತ್ತರ: ‘ಸ್ಟಾರ್ಟಪ್‌ಟೈಮ್’ ಆಯ್ಕೆಯ ಜೊತೆ ಒಂದು ಫೈಲಿನ ಹೆಸರು ಕೊಟ್ಟು ತೆರೆಯಿರಿ. ಯಾವ ಸ್ಕ್ರಿಪ್ಟ್ ಎಷ್ಟು ಮಿಲಿಸೆಕೆಂಡ್ ತಿಂದಿತು ಎಂದು ಆ ಫೈಲಿನಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ.

ಪ್ರಶ್ನೆ: ಕೆಟ್ಟ ಎಕ್ಸ್‌ಟೆನ್ಷನ್ ಯಾವುದೆಂದು ಸಿಕ್ಕಿತು. ಆದರೆ ಅದು ನನಗೆ ಬೇಕೇ ಬೇಕು. ಏನು ಮಾಡಲಿ?

ಉತ್ತರ: ಅದರ ಹಲ್ಲಿನ ಚಕ್ರದ ಗುರುತು ಒತ್ತಿ, ‘ಇನ್‌ಸ್ಟಾಲ್ ಸ್ಪೆಸಿಫಿಕ್ ವರ್ಷನ್’ ಆರಿಸಿ, ಸರಿಯಾಗಿ ಓಡುತ್ತಿದ್ದ ಹಳೆಯ ಆವೃತ್ತಿ ಹಾಕಿ. ಅದರ ಆಟೊ ಅಪ್‌ಡೇಟ್ ಆಫ್ ಮಾಡಿ. ಎರಡೂ ಆವೃತ್ತಿಗಳ ಸಂಖ್ಯೆ ಬರೆದು, ಯಾವ ಫೈಲ್ ತೆರೆದಾಗ ನಿಂತಿತು ಎಂದು ಅದನ್ನು ಬರೆದವರಿಗೆ ತಿಳಿಸಿ. ‘ಹ್ಯಾಂಗ್ ಆಗುತ್ತೆ, ಸರಿಮಾಡಿ’ ಎಂದಷ್ಟೇ ಬರೆದರೆ ಅವರು ಎಲ್ಲಿಂದ ಹುಡುಕಬೇಕು?