ಒಂದೇ ಆಫೀಸು, ಒಂದೇ ಟೆನ್ಷನ್. ಪಕ್ಕದ ಟೇಬಲ್‌ನವರು ಸಣ್ಣಗಾದರು, ನಾನು ದಪ್ಪಗಾದೆ. ನನ್ನ ಸ್ವಭಾವವೇ ಸರಿ ಇಲ್ವಾ?

ನಿಮ್ಮ ಪ್ರಶ್ನೆ ಓದಿ ಸಂಕಟ ಆಯಿತು. ದಿನಾ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸು, ಮಾರ್ಚ್ ಬಂದರೆ ರಾತ್ರಿವರೆಗೂ ಕೆಲಸ, ತೂಕ ಏರುತ್ತಲೇ ಇದೆ. ಅದರ ಮೇಲೆ ‘ನಿಂಗೆ ಬಾಯಿ ಕಟ್ಟೋಕೆ ಬರಲ್ಲ’ ಅಂತ ಮನೆಯವರ ಮಾತು. ನಾನು ಡಾಕ್ಟರ್ ಅಲ್ಲ. ಶಿವಮೊಗ್ಗದಲ್ಲೇ ಒಂದು ಆಫೀಸಿನ ಲೆಕ್ಕಪತ್ರ ಶಾಖೆಯಲ್ಲಿ ಬಹಳ ವರ್ಷದಿಂದ ಇದ್ದೇನೆ. ಈ ವಿಷಯ ಹುಡುಕಿ ಓದಿದ್ದೇನೆ, ಸುತ್ತಮುತ್ತ ನೋಡಿಯೂ ಇದ್ದೇನೆ.

ಮೊದಲು ಪಕ್ಕದ ಟೇಬಲ್‌ನವರ ವಿಷಯ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ವೈಟ್‌ಹಾಲ್-2 ಎಂಬ ದೊಡ್ಡ ಅಧ್ಯಯನ ಶುರುವಾಯಿತು. 10,308 ಜನ, ನಮ್ಮ ಹಾಗೇ ಟೇಬಲ್ ಮುಂದೆ ಕೂರುವವರು. ಅದರಿಂದ 2006ರಲ್ಲಿ ಬಂದ ಒಂದು ವರದಿ ನಿಮಗೇ ಬರೆದ ಹಾಗಿದೆ. ಕೆಲಸದ ಒತ್ತಡ ಜಾಸ್ತಿ ಇದ್ದ ಗಂಡಸರಲ್ಲಿ, ಮೊದಲೇ ದಪ್ಪ ಇದ್ದವರ ತೂಕ ಏರಿತು, ತೆಳ್ಳಗಿದ್ದವರ ತೂಕ ಇನ್ನೂ ಇಳಿಯಿತು. ಅಂದರೆ ಒಂದೇ ಟೆನ್ಷನ್ ಒಬ್ಬರ ಹಸಿವು ಕೊಲ್ಲುತ್ತದೆ, ಇನ್ನೊಬ್ಬರ ಹಸಿವು ಕೆರಳಿಸುತ್ತದೆ. ಅವರು ಸಣ್ಣಗಾದದ್ದು ಅವರ ಸಾಧನೆ ಅಲ್ಲ, ಅವರಿಗೂ ಅದು ಒಳ್ಳೆಯದಲ್ಲ.

ಸ್ವಭಾವಕ್ಕೂ ತೂಕಕ್ಕೂ ಸಂಬಂಧ ಇದೆಯಾ? ಇದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸುಮಾರು 2,000 ಜನರನ್ನು 50 ವರ್ಷ ಗಮನಿಸಿ 2011ರಲ್ಲಿ ಫಲಿತಾಂಶ ಕೊಟ್ಟರು. ಥಟ್ಟನೆ ಆಸೆಗೆ ಬೀಳುವ ಸ್ವಭಾವದಲ್ಲಿ ಮೇಲಿನ ಶೇ. 10 ಮಂದಿ, ಕೆಳಗಿನ ಶೇ. 10 ಮಂದಿಗಿಂತ ಸರಾಸರಿ 10 ಕೆಜಿ ಹೆಚ್ಚು ತೂಗಿದರು. ಶಿಸ್ತಿನವರು ತೆಳ್ಳಗಿದ್ದರು. ತುಂಬಾ ಚಿಂತೆ ಮಾಡುವವರ ತೂಕ ಹೆಚ್ಚು ಏರಿಳಿಯಿತು. ಆದರೆ ಇದು ಸರಾಸರಿ ಲೆಕ್ಕ. ನಿಮ್ಮೊಬ್ಬರ ಮೇಲೆ ತೀರ್ಪು ಕೊಡೋಕೆ ಯಾರಿಗೂ ಇದರಿಂದ ಹಕ್ಕು ಬರುವುದಿಲ್ಲ, ಮನೆಯವರಿಗೂ ಸಹ.

ನನಗೆ ಮುಖ್ಯ ಅನ್ನಿಸೋದು, ನಿಮ್ಮ ಸ್ವಭಾವಕ್ಕೆ ಟೆನ್ಷನ್ ಎದುರಾಗುವ ಹೊತ್ತು ಯಾವುದು ಅನ್ನೋದು. ನೀವು ಬರೆದದ್ದು ನೋಡಿದರೆ ಅದು ಸಂಜೆ ನಾಲ್ಕು ಗಂಟೆ. ಬೆಳಿಗ್ಗೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ತಿಂಡಿ ಇಲ್ಲ. ಮಧ್ಯಾಹ್ನ ಫೈಲು ಮುಗಿಸದೆ ಏಳಲ್ಲ. ನಾಲ್ಕಕ್ಕೆ ಹೊರಗೆ ಜಡಿಮಳೆ, ಯಾರೋ ಬಿಸಿ ಬಜ್ಜಿ ಪೊಟ್ಟಣ ಬಿಚ್ಚುತ್ತಾರೆ, ಇಲ್ಲಾಂದ್ರೆ ಬೇಕರಿಯಿಂದ ಖಾರ ಬನ್ನು, ಪಫ್ಸು ಬರುತ್ತೆ. ಆಗ ಬೇಡ ಅನ್ನೋದು ಯಾರಿಗಾದರೂ ಕಷ್ಟ. ಒತ್ತಡ ಬಹಳ ದಿನ ಇದ್ದರೆ ಕಾರ್ಟಿಸಾಲ್ ಹಾರ್ಮೋನ್ ಹೆಚ್ಚುತ್ತೆ, ಎಣ್ಣೆ, ಸಿಹಿ ಬೇಕು ಅನಿಸುತ್ತೆ, ಬೊಜ್ಜು ಹೊಟ್ಟೆ ಸುತ್ತಲೇ ಸೇರುತ್ತೆ. ನಿದ್ದೆ ಕಡಿಮೆಯಾದರೆ ಇನ್ನೂ ಕಷ್ಟ. 2004ರ ಒಂದು ಪ್ರಯೋಗದಲ್ಲಿ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದ ಯುವಕರಲ್ಲಿ ಹಸಿವಿನ ಹಾರ್ಮೋನ್ ಶೇ. 28 ಏರಿತ್ತು.

ಹಾಗಾಗಿ ನಿರ್ಧಾರವನ್ನು ನಾಲ್ಕು ಗಂಟೆಗೆ ಬಿಡಬೇಡಿ. ಬೆಳಿಗ್ಗೆಯೇ ಎರಡು ಡಬ್ಬಿ ಕಟ್ಟಿಸಿಕೊಳ್ಳಿ. ಒಂದರಲ್ಲಿ ಅಕ್ಕಿ ರೊಟ್ಟಿ ಪಲ್ಯ, ಬಸ್ಸಿಳಿದ ಮೇಲೆ ತಿನ್ನೋಕೆ. ಇನ್ನೊಂದರಲ್ಲಿ ಮೊಳಕೆ ಹೆಸರುಕಾಳು, ಸ್ವಲ್ಪ ಶೇಂಗಾ, ಸಂಜೆಗೆ. ಮಳೆಗಾಲದಲ್ಲಿ ವಾಕಿಂಗ್ ನಿಂತೇ ಹೋಗುತ್ತೆ ಅಂದಿರಿ. ಹೌದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ರಸ್ತೆಯನ್ನು ನಂಬಿಕೊಂಡು ಕೂರೋಕಾಗಲ್ಲ. ಆಫೀಸಿನ ಮೆಟ್ಟಿಲು, ವರಾಂಡ ಸಾಕು.

ಇನ್ನೊಂದು ಮಾತು, ಇದನ್ನು ಹೇಳುವವರು ಕಡಿಮೆ. ಕೆಲಸ ಜಾಸ್ತಿ ಇದ್ದು ಅದರ ಮೇಲೆ ಹಿಡಿತ ಇಲ್ಲದಿದ್ದಾಗಲೇ ಒತ್ತಡ ಹೆಚ್ಚು ಕಾಡುತ್ತೆ. 1979ರಲ್ಲಿ ಕರಾಸೆಕ್ ಎಂಬ ಸಂಶೋಧಕರು ಮುಂದಿಟ್ಟ ವಿಚಾರ ಇದು. ನಿಮ್ಮ ಸಾಹೇಬರ ಹತ್ತಿರ ಒಂದೇ ಒಂದು ವಿಷಯ ಕೇಳಿ: ಊಟದ ಅರ್ಧ ಗಂಟೆ ಯಾರೂ ಕರೆಯಬಾರದು, ಅಥವಾ ಯಾವ ಫೈಲು ಮೊದಲು ಅನ್ನೋದು ಬೆಳಿಗ್ಗೆಯೇ ಹೇಳಿಬಿಡಬೇಕು. ಇಂಥದ್ದು ಕೇಳೋಕೆ ಸಂಕೋಚ ಬೇಡ.

ಹಾಗೇ ಒಂದು ದಿನ ಟೇಪು ಹಿಡಿದು ಸೊಂಟ ಅಳೆದುಕೊಳ್ಳಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಅನ್ನುತ್ತಾರೆ. ದಾಟಿದ್ದರೆ ಒಂದು ದಿನ ರಜೆ ಹಾಕಿ ಮೆಗ್ಗಾನ್ ಆಸ್ಪತ್ರೆಗೋ, ನಿಮ್ಮ ಡಾಕ್ಟರ್ ಹತ್ತಿರವೋ ಹೋಗಿ ಸಕ್ಕರೆ, ಬಿಪಿ, ಥೈರಾಯ್ಡ್ ನೋಡಿಸಿ. ರಾತ್ರಿ ಗೊರಕೆ ಜಾಸ್ತಿ ಇದ್ದರೆ ಅದನ್ನೂ ಮರೆಯದೆ ಹೇಳಿ.